ಹನ್ನೊಂದನೇ ನಂಬರಿನ ಮುದಿ ಒಂಟೆ

ನಮ್ಮ ಐದಂತಸ್ತಿನ ಕಟ್ಟಡದ ಮೊದಲನೇ ಮೆಟ್ಟಿಲ ಸಾಲಿಗೆ, ಅಂದರೆ ಒಂದೇ ಮೆಟ್ಟಿಲು ಬಳಸುವ ಹದಿನೈದು ಮನೆಗಳಿಗೆ, ನಾನು ಹಿರಿಯ. ಈ ಪದವಿಗೆ ಆಯ್ಕೆ ನಡೆದ ದಿನ ಉಳಿದ ಹದಿನಾಲ್ಕು ಮನೆಯವರೂ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ನಾನೊಬ್ಬ ಮಾತ್ರ ತಲೆಯೆತ್ತಿ, ಸೂರಿನಡಿ ಪಾರಿವಾಳ ಎಷ್ಟು ಸೇರಿಕೊಂಡಿವೆ ಎಂದು ಎಣಿಸುತ್ತಿದ್ದೆ. ಹೀಗೆ ಸರ್ವಾನುಮತದಿಂದ ಆಯ್ಕೆಯಾದೆ.

ಹೊಟ್ಟೆಪಾಡಿಗೆ ನಾನು ನೀರಿನ ಮೀಟರ್ ಓದುವವನು. ಹೆಸರು ಸಪರ್ಗಲಿ. ಹಿರಿಯನಾದ ಮೇಲೆ ಜನ ಗೌರವಕ್ಕಾಗಿ ಹೆಸರು ಮೊಟಕು ಮಾಡಿ 'ಸಪೆಕೆ' ಎನ್ನತೊಡಗಿದರು. ನಮ್ಮ ಕಜಾಕರಲ್ಲಿ ಹೆಸರು ಚಿಕ್ಕದಾದಷ್ಟೂ ಮನುಷ್ಯ ದೊಡ್ಡವನಾಗುತ್ತಾನೆ. ನನ್ನ ಹೆಂಡತಿ ಕುಲಾಶ್ ಮಾತ್ರ 'ರೀ' ಎಂಬಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಇಂಟರ್ನೆಟ್ಟಿನಲ್ಲಿ ನಾಗರಿಕರನ್ನು ಕಾಪಾಡಲು ಸರ್ಕಾರ ಒಂದು ಭದ್ರತಾ ಸರ್ಟಿಫಿಕೇಟು ಮಾಡಿಸಿದೆಯಂತೆ. ಅದನ್ನು ಎಲ್ಲರೂ ಫೋನಿಗೆ ಹಾಕಿಕೊಳ್ಳತಕ್ಕದ್ದಂತೆ. ಹಾಕಿಕೊಳ್ಳದವರಿಗೆ ಕೆಲವು ಪುಟಗಳು ತೆರೆಯದೇ ಹೋಗಬಹುದಂತೆ. ಸರ್ಕಾರಿ ಸಂದೇಶವನ್ನು ಕೊನೆಯ ಸಾಲಿನವರೆಗೂ ಓದುವವನು ಊರಿಗೆಲ್ಲ ನಾನೊಬ್ಬನೇ ಇರಬೇಕು. ಎರಡು ಸಲ ಓದಿದೆ, ಅರ್ಥವಾಗಲಿಲ್ಲ. ತನಗೆ ಅರ್ಥವಾಗದ್ದನ್ನು ನಾಲ್ಕು ಜನಕ್ಕೆ ಬಿಡಿಸಿ ಹೇಳುವುದೇ ಹಿರಿಯನ ಕರ್ತವ್ಯವಾದ್ದರಿಂದ, ಕನ್ನಡಕ ಏರಿಸಿ, ಮೀಟರಿನ ನೀಲಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಒಂದನೇ ಅಂತಸ್ತಿನಿಂದಲೇ ಶುರುಮಾಡಿದೆ.

ಎರಡನೇ ನಂಬರಿನ ಝೈನೆಪ್ ಅಜ್ಜಿ ಫೋನನ್ನು ಎದೆಗವಚಿಕೊಂಡು ಕೇಳಿದಳು:

"ನೋವಾಗತ್ತೇನೋ ಮಗಾ?"

"ಯಾರಿಗಜ್ಜಿ?"

"ಫೋನಿಗೆ ಕಣೋ."

"ಇಲ್ಲಜ್ಜಿ. ಮಕ್ಕಳಿಗೆ ಲಸಿಕೆ ಹಾಕಿಸ್ದಂಗೆ. ಒಂದೆರಡು ದಿನ ಬೆಚ್ಚಗಿರಬಹುದು, ಅಷ್ಟೇ."

ನಾನು ಮಾಡಿದ್ದಿಷ್ಟೇ: 'ಒಪ್ಪಿಗೆ' ಎಂದಿದ್ದಲ್ಲಿ ಒತ್ತಿದೆ, 'ಮುಂದಕ್ಕೆ' ಎಂದಿದ್ದಲ್ಲಿ ಒತ್ತಿದೆ, ಮತ್ತೆ 'ಒಪ್ಪಿಗೆ' ಎಂದಿತು, ಮತ್ತೆ ಒತ್ತಿದೆ. ಆದರೆ ಒತ್ತುವಾಗ ಹುಬ್ಬು ಗಂಟಿಕ್ಕಿ, ನಾಲಗೆ ತುದಿ ಹೊರಗಿಟ್ಟು ಒತ್ತುತ್ತಿದ್ದುದರಿಂದ ಜನಕ್ಕೆ ಇದೊಂದು ವಿದ್ಯೆ ಎನ್ನಿಸಿತು. ಮನೆಮನೆಯಲ್ಲೂ ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕು. ಮೂರನೇ ಅಂತಸ್ತಿಗೆ ಬರುವಷ್ಟರಲ್ಲಿ ಹೊಟ್ಟೆ ಬಿರಿಯುತ್ತಿತ್ತು, ತಲೆಗೆ ಕೋಡು ಮೂಡಿತ್ತು.

ನಾಲ್ಕನೇ ಅಂತಸ್ತಿನ ಹನ್ನೊಂದನೇ ನಂಬರಿನಲ್ಲಿ ರೌಶನ್ ಅಪೈ ಬಾಗಿಲಲ್ಲೇ ತಡೆದರು. ಅಪೈ ಎಂದರೆ ನಮ್ಮಲ್ಲಿ ಟೀಚರಮ್ಮ. ಮೂವತ್ತಾರು ವರ್ಷದಿಂದ ಶಾಲೆಯಲ್ಲಿ ಭಾಷೆ, ಸಾಹಿತ್ಯ ಕಲಿಸುವವರು. ಅರ್ಧ ಊರೇ ಅವರ ಶಿಷ್ಯರು. ಪಿಂಚಣಿಗೆ ಇನ್ನೆರಡು ವರ್ಷ ಬಾಕಿ.

"ಸಪೆಕೆ, ಇದು ಏನ್ಮಾಡತ್ತೆ?"

"ರಕ್ಷಣೆ ಮಾಡತ್ತೆ ಅಪೈ."

"ಯಾರನ್ನ?"

"ನಮ್ಮನ್ನ."

"ಯಾರಿಂದ?"

ಈ ಪ್ರಶ್ನೆ ಸಂದೇಶದಲ್ಲಿ ಇರಲಿಲ್ಲ. "ಒಟ್ಟಾರೆ," ಎಂದೆ. ಅವರು ದಡ್ಡ ಹುಡುಗನಿಗೆ ಪಾಸು ಮಾಡುವ ಅಂಕ ಕೊಟ್ಟಂತೆ ಫೋನು ಕೊಟ್ಟರು. "ನಿಮ್ಮ ಮೀಟರ್ ಲೆಕ್ಕ ಇವತ್ತಿನವರೆಗೆ ತಪ್ಪಿಲ್ಲ. ಆ ನಂಬಿಕೆ ಮೇಲೆ ಕೊಡ್ತಿದೀನಿ," ಎಂದರು. ನನಗೆ ಹೆಮ್ಮೆಯಾಯಿತು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರು ವಾರ ಕಳೆದ ಮೇಲೆ ಎಂಟನೇ ನಂಬರಿನ ಕಿದಿರಾಲಿ ಬಜಾರಿನಿಂದ ಏದುಸಿರು ಬಿಡುತ್ತ ಬಂದ. ನಿವೃತ್ತ ಬಸ್ ಚಾಲಕ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಪೆಕೆ, ನಮ್ಮ ಮನೆಗಳಿಗೆ ಬೆಂಕಿ ಇಟ್ರಲ್ಲ! ಆ ಸರ್ಟಿಫಿಕೇಟು ಇದ್ರೆ ನಾವು ಕಳ್ಸಿದ್ದು, ನೋಡಿದ್ದು, ಬರ್ದಿದ್ದು ಎಲ್ಲಾ ಮೇಲಿನೋರಿಗೆ ಕಾಣಿಸ್ತದಂತೆ. ಕಿಟಕಿ ಪರದೆ ತೆಗ್ದಂಗೆ!"

"ಯಾರು ಹೇಳಿದ್ದು?"

"ಕಲ್ಲಂಗಡಿ ಮಾರೋನು."

ನಮ್ಮ ಊರಿನಲ್ಲಿ ಇದಕ್ಕಿಂತ ಅಧಿಕೃತ ಮೂಲ ಇನ್ನೊಂದಿಲ್ಲ. ಸಂಜೆಯೊಳಗೆ ಸುದ್ದಿ ಐದೂ ಅಂತಸ್ತು ಹತ್ತಿ ಇಳಿದಿತ್ತು. ನನ್ನ ಬಾಗಿಲಲ್ಲಿ ಸಾಲು ನಿಂತಿತು. ಒಬ್ಬರೂ ಬಾಗಿಲಲ್ಲಿ ಬಾಯಿ ಬಿಡಲೊಲ್ಲರು. ಎಲ್ಲರದೂ ಒಂದೇ ಮಾತು: "ಇದು ಫೋನಿರೋ ಕಡೆ ಆಡೋ ಮಾತಲ್ಲ." ನನ್ನನ್ನು ನನ್ನದೇ ಅಡುಗೆಮನೆಗೆ ಎಳೆದೊಯ್ದು, ಬಾಗಿಲು ಹಾಕಿ, ಹಿಂದಿನ ಕಾಲದವರು ಮಾಡುತ್ತಿದ್ದಂತೆ ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಗುಟ್ಟು ಹೇಳುವುದು. ಗುಟ್ಟು ಅವರದು, ನೀರು ನನ್ನದು. ಮೀಟರ್ ಗಿರಗಿರ ತಿರುಗುತ್ತಿತ್ತು. ಎಷ್ಟು ಲೀಟರ್ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಝೈನೆಪ್ ಅಜ್ಜಿಯದು ಸುಮಾರು ಮೂವತ್ತು ಲೀಟರಿನ ಗುಟ್ಟು. ಊರನ್ನಾಳುವ ಅಕಿಮ್ ಸಾಹೇಬರು ಮನೆಗಳಿಗೆ ಗ್ಯಾಸ್ ಕೊಡಿಸಲಿಲ್ಲವೆಂದು ಅಜ್ಜಿ ದಿನಾ ತಂಗಿಗೆ ಧ್ವನಿಸಂದೇಶ ಕಳಿಸಿ ಅವರನ್ನು ಶಪಿಸುತ್ತಿದ್ದಳಂತೆ.

"ಏಳು ತಲೆಮಾರಿಗೂ ಬಿಡ್ದೆ ಶಾಪ ಹಾಕಿದೀನಿ ಮಗಾ. ಹೆಸರು ಹಿಡಿದು, ಒಬ್ಬೊಬ್ರಿಗೂ."

"ಅಳಿಸಿಬಿಡೋಣ ಬಿಡಜ್ಜಿ."

"ಅಳಿಸಲೇಬೇಕು ಕಣೋ. ಮೊನ್ನೆ ಗೊತ್ತಾಯ್ತು, ಐದನೇ ತಲೆಮಾರಲ್ಲಿ ಅವ್ನು ನಮ್ಮೋನೇ!"

ಕಿದಿರಾಲಿ ಪ್ರತಿ ಶುಕ್ರವಾರ ಕರಗಾಂಡದ ಒಬ್ಬ ವಿಧವೆಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದನಂತೆ. "ಅದ್ರಲ್ಲೇನು ತಪ್ಪು? ನೀನೂ ಒಂಟಿ," ಎಂದೆ. "ತಪ್ಪೇನಿಲ್ಲ. ಆದ್ರೆ ನಾನು ಪೈಲಟ್ ಆಗಿದ್ದೆ ಅಂತ ಹೇಳಿದೀನಿ," ಎಂದು ನಲ್ಲಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದ.

ಕೊನೆಗೆ ಬಂದವರು ರೌಶನ್ ಅಪೈ. ಅವರು ನಲ್ಲಿ ಬಿಡಲಿಲ್ಲ. ನೀರು ದಂಡ ಮಾಡುವುದು ಅವರಿಗೆ ಆಗದು. ಸುಮ್ಮನೆ ಸ್ಟೂಲಿನ ಮೇಲೆ ಕೂತು ಹೇಳಿದರು:

"ಮುದಿ ಒಂಟೆ ನಾನೇ, ಸಪೆಕೆ."

ನಾನು ಗೋಡೆ ಹಿಡಿದುಕೊಂಡೆ. ಇಂಟರ್ನೆಟ್ಟಿನಲ್ಲಿ 'ಮುದಿ ಒಂಟೆ' ಎಂಬ ಪುಟ ಓದದವರು ನಮ್ಮ ಊರಿನಲ್ಲಿ ಇರಲಿಲ್ಲ. ಓದುತ್ತೇನೆಂದು ಒಪ್ಪಿಕೊಂಡವರೂ ಇರಲಿಲ್ಲ. ಚೌಕದಲ್ಲಿ ಹೊಸ ಕಾರಂಜಿ ಚಿಮ್ಮುತ್ತಿದ್ದು ಮನೆಗಳಲ್ಲಿ ನಲ್ಲಿ ಒಣಗಿದ್ದ ವಾರ ಒಂಟೆ ಬರೆದಿತ್ತು: 'ಹದಿನೈದು ದಿನ ನೀರಿಲ್ಲದೆ ಇರಬಲ್ಲ ಪ್ರಾಣಿ ನಾನೊಬ್ಬನೇ ಎಂದುಕೊಂಡಿದ್ದೆ. ಅಕಿಮ್ ಸಾಹೇಬರು ಇಡೀ ಊರಿಗೆ ನನ್ನ ಸಮಾನ ಗೌರವ ಕೊಟ್ಟಿದ್ದಾರೆ.' ಅದನ್ನು ಓದಿ ನಾನು ಕಚೇರಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ನಕ್ಕಿದ್ದೆ. ಪುಟ ಮುಚ್ಚಿಸಿದರು, ವಾರದಲ್ಲಿ ಇನ್ನೊಂದು ಹುಟ್ಟಿತು. ಬರೆಯುವವರು ಯಾರೆಂದು ಮಾತ್ರ ಮೇಲಿನವರಿಗೆ ತಿಳಿದಿರಲಿಲ್ಲ.

"ಗೊತ್ತಾದ್ರೆ ನಾಳೆನೇ ಕೆಲಸ ಹೋಗತ್ತೆ. ಇನ್ನೆರಡು ವರ್ಷ ಸಪೆಕೆ. ಅದನ್ನ ತೆಗೆದುಹಾಕಿ ಕೊಡಿ," ಎಂದರು. ಇಡೀ ಜೀವನದಲ್ಲಿ ಅವರು ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಅಪೈ, ನನ್ನ ಮೇಲೆ ಬಿಡಿ," ಎಂದೆ. ಈ ಮಾತನ್ನು ಸಪರ್ಗಲಿ ಆಡಿದಾಗಲೆಲ್ಲ ಕುಲಾಶ್ ಮನೆಯ ಗಾಜಿನ ಪಾತ್ರೆಗಳನ್ನು ಎತ್ತಿಡುತ್ತಾಳೆ. ಅಂದು ಅವಳು ಮನೆಯಲ್ಲಿರಲಿಲ್ಲ.

ಹಾಕುವುದು ಗೊತ್ತಿತ್ತು, ತೆಗೆಯುವುದು ಗೊತ್ತಿರಲಿಲ್ಲ. ಆದರೂ ಕೆಲಸ ಎಂದರೆ ಕ್ರಮ ಬೇಕಲ್ಲ? ಯಾರ ಫೋನಿನಲ್ಲಿ ಏನು ಅಳಿಸಬೇಕೆಂದು ಮರೆಯದಂತೆ ನೀಲಿ ಪುಸ್ತಕದಲ್ಲಿ ಗೆರೆ ಹೊಡೆದು, ದುಂಡಗೆ ಬರೆದಿಟ್ಟೆ:

ನಂ. 2: ಶಾಪ, ಏಳು ತಲೆಮಾರು. ಸಂಬಂಧಿಯಂತೆ.
ನಂ. 8: ಕರಗಾಂಡದ ವಿಧವೆ. ಪೈಲಟ್ ಅಲ್ಲ.
ನಂ. 11: ಮುದಿ ಒಂಟೆ ಇವರೇ. ಎಲ್ಲ ಅಳಿಸಬೇಕು.

ಹೀಗೆ ಒಂಬತ್ತು ಮನೆಗಳದ್ದು. ಮಾರನೆಯ ದಿನ ತಿಂಗಳ ಇಪ್ಪತ್ತೈದು. ಇಪ್ಪತ್ತೈದಕ್ಕೆ ಎಲ್ಲರ ಮೀಟರ್ ಓದಿ, ಅದೇ ಪುಸ್ತಕದಲ್ಲಿ ಬರೆದು, ಪುಟದ ಫೋಟೋ ತೆಗೆದು ನಮ್ಮ ಮೆಟ್ಟಿಲ ಸಾಲಿನ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಆರು ವರ್ಷದ ರೂಢಿ. ಆ ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ, ಒಂದು ಕೈಯಲ್ಲಿ ಸೂಪಿನ ಬಟ್ಟಲು ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ತೆರೆದು, ಫೋಟೋ ತೆಗೆದು ಹಾಕಿದೆ. ಕೆಳಗೆ ಎಂದಿನ ಒಕ್ಕಣೆ: 'ಎಲ್ಲರೂ ನೋಡಿಕೊಳ್ಳಿ. ತಪ್ಪಿದ್ದರೆ ಮೂರು ದಿನದೊಳಗೆ ತಿಳಿಸಿ.'

ಪುಟ ಮೀಟರಿನದಾಗಿರಲಿಲ್ಲ.

ಮೊದಲ ಉತ್ತರ ಆರನೇ ನಂಬರಿನಿಂದ ಬಂತು: 'ನಮ್ಮ ಮನೆ ಬಗ್ಗೆ ಯಾಕೆ ಏನೂ ಬರೆದಿಲ್ಲ?' ಅದನ್ನು ಓದಿ ಫೋಟೋ ನೋಡಿದೆ. ಸೂಪು ನೆಲಕ್ಕೆ ಹೋಯಿತು. ಫೋಟೋ ಒತ್ತಿ ಹಿಡಿದೆ. 'ಅಳಿಸಲೇ?' ಎಂದು ಫೋನು ಕೇಳಿತು. ಕೆಳಗೆ ಏನೇನೋ ಎರಡು ಮೂರು ದಾರಿ ತೋರಿಸಿತು. ಮೊದಲು ಕಂಡದ್ದನ್ನು ಒತ್ತಿದೆ. ಫೋಟೋ ಮಾಯವಾಯಿತು. ದೇವರು ದೊಡ್ಡವನು ಎಂದು ಕುಸಿದು ಕೂತೆ. ಅಷ್ಟರಲ್ಲಿ ಕಿದಿರಾಲಿ ಬಾಗಿಲು ಬಡಿಯುತ್ತಿದ್ದ.

"ಪೈಲಟ್ ಅಲ್ಲ ಅಂತ ಬರ್ಯೋ ಅಗತ್ಯ ಏನಿತ್ತೋ! ವಿಧವೆ ಅಂತ ಬರ್ದಿದ್ರೆ ಸಾಲ್ದಾಗಿತ್ತಾ?"

"ಅಳಿಸಿಬಿಟ್ಟೆ ಕಣೋ! ಈಗ ಎಲ್ಲೂ ಇಲ್ಲ!"

"ನಮ್ಮ ಸೊಸೆ ಅದನ್ನ ಕರಗಾಂಡಕ್ಕೇ ಕಳ್ಸಿದಾಳೆ!"

ಒಳಗಿನಿಂದ ಕುಲಾಶ್ ಬಂದಳು. ಅವಳ ಕೈಯಲ್ಲಿ ಅವಳ ಫೋನು. "ರೀ, ಸರ್ಕಾರ ನಿಮ್ಮನ್ನ ಕೇಳಿತ್ತೇನ್ರೀ, ಹೀಗೆ ಗೆರೆ ಹೊಡೆದು ಕೊಡಿ ಅಂತ? ಕೋತಿ ತಾನು ಕೆಡೋದಲ್ಲದೆ ವನಾನೂ ಕೆಡಿಸ್ತು ಅಂದ್ರೆ ಇದೇ."

ಆಗ ನನಗೆ ತಿಳಿಯಿತು. ಫೋಟೋ ಅಳಿದದ್ದು ನನ್ನೊಬ್ಬನ ಫೋನಿನಿಂದ. ಉಳಿದವರ ಫೋನಿನಲ್ಲಿ ಅದು ಹಾಗೇ ಕೂತಿತ್ತು. ಇಡೀ ಊರಿನಲ್ಲಿ ಅದನ್ನು ನೋಡಲಾರದವನು ಈಗ ನಾನೊಬ್ಬನೇ. ಗುಂಪಿನಲ್ಲಿ ನೆರೆಯವರಷ್ಟೇ ಇದ್ದರೆ ಹೇಗೋ ಕಾಲು ಹಿಡಿಯಬಹುದಿತ್ತು. ಆದರೆ ಆ ಗುಂಪು ಕಟ್ಟಿದ್ದೇ ನಗರ ಕಚೇರಿಯ ವಠಾರಗಳ ಇನ್ಸ್‌ಪೆಕ್ಟರ್ ಝಾನಿಬೆಕ್ ಸೆರಿಕೊವಿಚ್. ಫೋಟೋದ ಕೆಳಗೆ ಅವರು ಹೆಬ್ಬೆರಳೆತ್ತಿದ ಗುರುತು ಹಾಕಿದ್ದರಂತೆ. ಕುಲಾಶ್ ತೋರಿಸಿದಳು.

ನಾಲ್ಕನೇ ಅಂತಸ್ತಿಗೆ ಹತ್ತಿದೆ. ಅಷ್ಟು ಮೆಟ್ಟಿಲು ಇವೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ರೌಶನ್ ಅಪೈ ಮಕ್ಕಳ ಪುಸ್ತಕ ತಿದ್ದುತ್ತ ಕೂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತೆ.

"ನೋಡಿದೆ ಸಪೆಕೆ," ಎಂದರು. "ಅಕ್ಷರ ಚೆನ್ನಾಗಿದೆ."

"ಅಪೈ, ಬೈದುಬಿಡಿ."

"ಬೈದ್ರೆ ನಿಮಗೆ ಹಗುರಾಗತ್ತೆ. ನನಗೇನೂ ಆಗಲ್ಲ." ಹೀಗೆಂದು ಇನ್ನೊಂದು ಪುಸ್ತಕ ಎತ್ತಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ನನ್ನ ಮಾತಲ್ಲ, ಒಡೆದದ್ದೂ ನನ್ನ ಮುತ್ತಲ್ಲ.

ಮರುದಿನ ಬೆಳಿಗ್ಗೆ ಝಾನಿಬೆಕ್ ಸೆರಿಕೊವಿಚ್ ನಮ್ಮ ಮನೆಗೇ ಬಂದರು. ಕೈಯಲ್ಲಿ ಚಾಕೊಲೇಟಿನ ದೊಡ್ಡ ಡಬ್ಬಿ! ನನ್ನ ಎರಡೂ ಕೈ ಹಿಡಿದು ಕುಲುಕಿದರು.

"ಸಪೆಕೆ, ಎಂಥಾ ನಾಗರಿಕ ಕಣ್ರೀ ನೀವು! ಎಂಟು ತಿಂಗಳು ಹುಡುಕಿದ್ರು. ರಾಜಧಾನಿಯಿಂದ ಜನ ಕರೆಸಿದ್ರು, ಯಂತ್ರ ತರ್ಸಿದ್ರು. ಒಂಟೆಯ ಬಾಲ ಸಿಗ್ಲಿಲ್ಲ."

"ಆ ಸರ್ಟಿಫಿಕೇಟಿನಿಂದ ಸಿಗ್ಲಿಲ್ವಾ ಸ್ವಾಮಿ?"

"ಅಯ್ಯೋ, ಅದನ್ನ ಹೋದ ವಾರವೇ ನಿಲ್ಲಿಸಿಬಿಟ್ರು. ಅದು ನೆಟ್ಟಗೆ ಕೆಲಸವೇ ಮಾಡ್ಲಿಲ್ಲ. ನಿಮ್ಮ ಕಟ್ಟಡದ ಒಂದು ಅಕ್ಷರಾನೂ ಯಾರೂ ಓದಿಲ್ಲ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾವಿರುವುದು ಎರಡನೇ ಅಂತಸ್ತು. ಬಾಯಿಬಿಟ್ಟರೂ ಕೆಳಗಿನ ಝೈನೆಪ್ ಅಜ್ಜಿಯ ಮನೆಗೆ ಬೀಳುತ್ತಿದ್ದೆ. ಅದು ಇನ್ನೂ ಕೆಟ್ಟದ್ದು.

ಬಾಗಿಲ ಸಂದಿಯಲ್ಲಿ ಕುಲಾಶ್ ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ಎಲ್ಲಿಂದಲೋ ಧೈರ್ಯ ಬಂತು.

"ಸ್ವಾಮಿ, ಅದು ಬರೆಯುವಾಗ ಆದ ತಪ್ಪು. ಮುದಿ ಒಂಟೆ ನಾನೇ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಜೇಬಿನಿಂದ ಪೆನ್ನು, ಕಾಗದ ತೆಗೆದು ಮುಂದಿಟ್ಟರು. "ಹೌದಾ? ಹಾಗಾದ್ರೆ ಒಂದು ನಾಲ್ಕು ಸಾಲು ಬರೀರಿ. ನೀರಿನ ಮೇಲೇ ಬರೀರಿ, ನಿಮ್ಮ ವಿಷಯ."

ಅರ್ಧ ಗಂಟೆ ಬೆವರಿ ಬರೆದೆ: 'ನೀರು ಬರಲಿಲ್ಲ. ಒಂಟೆಗೆ ಬಾಯಾರಿಕೆ ಆಯಿತು. ಆಮೇಲೆ ನೀರು ಬಂತು. ಮೀಟರ್ ಓಡಿತು. ಹ್ಹ ಹ್ಹ.' ಎಲ್ಲಿ ನಗಬೇಕೆಂದು ಓದುವವರಿಗೆ ತಿಳಿಯಲಿ ಎಂದು ಕೊನೆಯದನ್ನು ಸೇರಿಸಿದ್ದೆ.

ಅವರು ಓದುತ್ತಿದ್ದಾಗ ಬಾಗಿಲು ತೆರೆದು ರೌಶನ್ ಅಪೈ ಒಳಬಂದರು. ಕೆಳಗೆ ಸರ್ಕಾರಿ ಕಾರು ಕಂಡು ಇಳಿದು ಬಂದಿದ್ದರು. ಝಾನಿಬೆಕ್ ಸೆರಿಕೊವಿಚ್ ತಟ್ಟನೆ ಎದ್ದು ನಿಂತರು. ಏಳನೇ ತರಗತಿಯಲ್ಲಿ ಅಪೈಯವರ ಶಿಷ್ಯ. ಕಾಲು ತಾನಾಗಿ ಎದ್ದಿತು.

ಅಪೈ ಶಿಷ್ಯನ ಕೈಯಿಂದ ಕಾಗದ ತೆಗೆದುಕೊಂಡು ಓದಿದರು. ಕೆಂಪು ಪೆನ್ನು ಹೊರಗೆ ಬಂತು. 'ಹ್ಹ ಹ್ಹ' ಹೊಡೆದುಹಾಕಿದರು. ಮಿಕ್ಕದ್ದನ್ನೂ ಹೊಡೆದು, ಮೇಲೆ ಒಂದೇ ಸಾಲು ಬರೆದರು: 'ನಮ್ಮ ಊರಿನಲ್ಲಿ ನೀರು ಬರದಿದ್ದರೂ ಮೀಟರ್ ಓಡುತ್ತದೆ, ಮೀಟರಿಗಾದರೂ ನಾಚಿಕೆ ಇರಬಾರದೇ ಎಂದರೆ, ಅದಕ್ಕೂ ಮೇಲಿನಿಂದ ಆದೇಶ ಬರಬೇಕಂತೆ.' ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ರುಜು ಹಾಕಿದರು.

"ಅಪೈ, ಯಾಕೆ..." ಎಂದೆ.

"ಸಪೆಕೆ, ನೀವು ಒಳ್ಳೇ ಮನುಷ್ಯರು. ಆದ್ರೆ ನನ್ನ ಒಂಟೆ ಇಷ್ಟು ಕೆಟ್ಟದಾಗಿ ಮಾತಾಡಿದ್ದು ಅಂತ ದಾಖಲೆಗೆ ಹೋಗೋದು ಬೇಡ." ಆಮೇಲೆ ಶಿಷ್ಯನ ಕಡೆ ತಿರುಗಿದರು. "ಹೇಳಪ್ಪ ಝಾನಿಬೆಕ್. ಏನು ಬರ್ಕೊಡಬೇಕು?"

ಝಾನಿಬೆಕ್ ಸೆರಿಕೊವಿಚ್ ಕಿಟಕಿ ಕಡೆ ನೋಡುತ್ತ ಹೇಳಿಕೊಟ್ಟರು: "'ನನ್ನ ಸ್ವಂತ ಇಚ್ಛೆಯಿಂದ ಶಾಲೆಯ ಕೆಲಸವನ್ನು ಬಿಡುತ್ತಿದ್ದೇನೆ...' ಅಷ್ಟೇ ಸಾಕು ಅಪೈ. ಬೇರೇನೂ ಆಗದ ಹಾಗೆ ನೋಡ್ಕೋತೀನಿ. ಮೇಲಿನವರು ತುಂಬಾ..."

"'ಕೆಲಸವನ್ನು' ಅಂತ ಬೇಡ, 'ಕೆಲಸ' ಸಾಕು. ನಿನಗೆ ಏಳನೇ ತರಗತೀಲೂ ಹೇಳಿದ್ದೆ," ಎಂದು ಅಪೈ ಬರೆದು ಕೊಟ್ಟರು. ಇನ್ಸ್‌ಪೆಕ್ಟರ್ ಕಾಗದವನ್ನು ಓದದೆಯೇ ಮಡಿಸಿ ಜೇಬಿಗಿಟ್ಟು ಹೊರಟರು. ಚಾಕೊಲೇಟಿನ ಡಬ್ಬಿ ಮೇಜಿನ ಮೇಲೇ ಉಳಿಯಿತು. ನಮ್ಮ ಮನೆಯಲ್ಲಿ ಅದನ್ನು ಇವತ್ತಿನವರೆಗೆ ಯಾರೂ ತೆರೆದಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾಚಿಕೆಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ತಿಂಗಳ ಕೊನೆಗೆ ನಗರ ಕಚೇರಿಯ ಸಭಾಂಗಣಕ್ಕೆ ಕರೆ ಬಂತು. ಒಂದಷ್ಟು ಮಂದಿಗೆ ಮೆಚ್ಚುಗೆ ಪತ್ರ: ಚೆನ್ನಾಗಿ ಹಾಲು ಕರೆದವಳಿಗೆ, ಚೆನ್ನಾಗಿ ರಸ್ತೆ ಗುಡಿಸಿದವನಿಗೆ, ಎಚ್ಚರದ ನಾಗರಿಕ ಸಪರ್ಗಲಿಗೆ. ಹೋಗುವುದಿಲ್ಲ ಎಂದೆ. ಹೋಗದಿದ್ದರೆ ಯಾಕೆ ಹೋಗಲಿಲ್ಲ ಎಂದು ವಿಚಾರಿಸುತ್ತಾರೆ ಎಂದ ಕಿದಿರಾಲಿ. ಆ ಫೋಟೋ ಆದಮೇಲೆ ಅವನು ನನ್ನೊಡನೆ ಮಾತಾಡಿದ್ದು ಅದೊಂದೇ. ಹೋದೆ. ನಮ್ಮ ಮೆಟ್ಟಿಲ ಸಾಲಿನವರನ್ನೆಲ್ಲ ಚಪ್ಪಾಳೆ ತಟ್ಟಲು ಕರೆಸಿದ್ದರು. ನನ್ನ ಹೆಸರು ಕೂಗಿದಾಗ ಹದಿನಾಲ್ಕು ಮನೆಯವರು ಚಪ್ಪಲಿ ನೋಡುತ್ತ ಚಪ್ಪಾಳೆ ತಟ್ಟಿದರು. ಆ ಸದ್ದು ಕೇಳುವುದಕ್ಕಿಂತ ಹೊಡೆತ ತಿನ್ನುವುದು ಮೇಲು.

ವೇದಿಕೆಯ ಮೇಲೆ ಪತ್ರ ಕೈಗೆ ಬಂದಾಗ ಕಣ್ಣಿಗೆ ಮೊದಲು ಬಿದ್ದದ್ದು ಅಕ್ಷರ. ದುಂಡಗೆ, ಬಾಗದೆ, ಬಳುಕದೆ. ಊರಿನ ಮೆಚ್ಚುಗೆ ಪತ್ರಗಳನ್ನೆಲ್ಲ ಕೈಬರಹದಲ್ಲಿ ಬರೆದುಕೊಡುವುದು ಎಷ್ಟೋ ವರ್ಷದಿಂದ ಶಾಲೆಯ ಭಾಷಾ ಶಿಕ್ಷಕಿಯ ಕೆಲಸ. ಆ ತಿಂಗಳದ್ದನ್ನೂ, ರಾಜೀನಾಮೆ ಬರೆದುಕೊಟ್ಟ ಮೇಲೆ ಕೆಲಸದಲ್ಲಿ ಉಳಿದಿದ್ದ ಕೆಲವೇ ದಿನಗಳಲ್ಲಿ, ಅವರೇ ಬರೆದು ಮುಗಿಸಿದ್ದರು. 'ತನ್ನ ನೆರೆಹೊರೆಯವರ ಹಿತವನ್ನು ತನ್ನದೆಂದು ಭಾವಿಸಿ, ಅವರ ಮಾತಿಗೆ ಕಿವಿಗೊಟ್ಟ ಸಪರ್ಗಲಿ ಅವರಿಗೆ.' ಒಂದು ಅಕ್ಷರ ತಪ್ಪಿಲ್ಲ, ಒಂದು ಚುಕ್ಕಿ ಆಚೀಚೆ ಇಲ್ಲ.

ಆ ಸಂಜೆಯೇ ಅದನ್ನು ಹಿಡಿದು ಹನ್ನೊಂದನೇ ನಂಬರಿಗೆ ಹೋದೆ. ಅಪೈ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ತಂಗಿಯ ಊರಿಗೆ ಹೊರಟಿದ್ದರು. ಇನ್ನು ಮೇಲೆ ತಂಗಿಯ ಸಂಬಳವೊಂದರಲ್ಲೇ ಇಬ್ಬರೂ ಬದುಕಬೇಕಿತ್ತು.

"ಅಪೈ, ಇದನ್ನ ನೀವೇ ಹರಿದುಹಾಕಿ. ನನ್ನ ಕೈಲಿ ಆಗ್ತಿಲ್ಲ."

ಅವರು ಅದನ್ನು ತಿರುಗಿಸಿ ನೋಡಿ, ಮತ್ತೆ ನನ್ನ ಕೈಗೇ ಕೊಟ್ಟರು.

"ಹರೀಬೇಡಿ ಸಪೆಕೆ. ಕೆಲಸದಲ್ಲಿದ್ದಾಗ ನಾನು ಬರೆದ ಕೊನೇ ಕಾಗದ ಅದು. ಗೋಡೆಗೆ ಹಾಕ್ಕೊಳ್ಳಿ."

ಹಾಕಿಕೊಂಡಿದ್ದೇನೆ. ಊಟದ ಮೇಜಿನ ಎದುರಿಗೇ ಇದೆ. ಮನೆಗೆ ಬಂದ ಹೊಸಬರು ಯಾರೇ ಆಗಲಿ, ಅದರ ಮುಂದೆ ನಿಂತು ಓದುತ್ತಾರೆ, ತಲೆದೂಗುತ್ತಾರೆ, ನನ್ನ ಕೈ ಕುಲುಕುತ್ತಾರೆ. ಆಮೇಲೆ ಕೇಳಿಯೇ ಕೇಳುತ್ತಾರೆ: "ಎಷ್ಟು ಚೆಂದ ಬರೆದಿದಾರಲ್ಲ ಸಪೆಕೆ, ಯಾರು ಬರೆದದ್ದು?" ನಾನು ಹೇಳದಿದ್ದರೆ ಕುಲಾಶ್ ಒಳಗಿನಿಂದ ಹೇಳುತ್ತಾಳೆ. ಅದಕ್ಕೇ ನಾನೇ ಹೇಳುತ್ತೇನೆ.